ಉಳಿದರ್ಧ ತಂತಿ

ನಜೀಬುಲ್ಲಾ ಮೇಷ್ಟ್ರು ಅಳಲಿಲ್ಲ ಎನ್ನುವುದು ದೊಡ್ಡಬಳ್ಳಾಪುರದ ಮಗ್ಗದ ಕೇರಿಗೆಲ್ಲ ದೊಡ್ಡ ಸೋಜಿಗವಾಗಿಬಿಟ್ಟಿತ್ತು. ಹೆತ್ತ ಮಗುವನ್ನು ಬಿಳಿಬಟ್ಟೆಯಲ್ಲಿ ಸುತ್ತಿ, ತಾನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಮಣ್ಣುಮಾಡಿ ಬಂದ ಮನುಷ್ಯ, ಸೋಮವಾರ ಬೆಳಗ್ಗೆ ಟೋಪಿ ಸರಿಮಾಡಿಕೊಂಡು ಹೈಸ್ಕೂಲಿಗೆ ಹೊರಟೇಬಿಟ್ಟ. ಹೆಂಗಸರು ಬಾಗಿಲ ಸಂದಿಯಿಂದ ನೋಡಿ, "ಕಲ್ಲು ಕಣಮ್ಮ, ಕಲ್ಲು" ಅಂದರು. ಅನ್ನುವವರ ಬಾಯಿಗೇನು ಬೀಗವೇ? ಅವರು ಕಂಡದ್ದನ್ನು ಅವರು ಅಂದರು.

ಅಳಬೇಕೆಂದು ಅವನಿಗೂ ಅನ್ನಿಸಿತ್ತು. ಆದರೆ ಬರಲಿಲ್ಲ. ಒಳಗೆ ಎಲ್ಲೋ ಮೇನ್ ಸ್ವಿಚ್ಚು ಆರಿಸಿಟ್ಟ ಹಾಗೆ, ಯಾವ ಗುಂಡಿ ಒತ್ತಿದರೂ ಏನೂ ಹತ್ತುತ್ತಿರಲಿಲ್ಲ. ಉಣ್ಣುತ್ತಿದ್ದ, ನಮಾಜಿಗೆ ಹೋಗುತ್ತಿದ್ದ, ಐದನೆಯ ಫಾರಂ ಹುಡುಗರಿಗೆ ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸುತ್ತಿದ್ದ. "ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ತಡೆ. ಅದು ಎಷ್ಟು ಓಮ್ ಅಂತ ಬರೀಬೇಕು. ವೋಲ್ಟನ್ನ ಆಂಪಿಯರಿಂದ ಗುಣಿಸಿದ್ರೆ ಶಕ್ತಿ. ಅದು ವಾಟು." ಗಂಟಲು ತನ್ನ ಪಾಡಿಗೆ ತಾನು ಹೇಳುತ್ತಿತ್ತು. ಅವನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ.

ಸಂಜೆ ಮನೆಗೆ ಹೋಗುವಾಗ ಹೂ ಮಾರುವ ಅಂಜಿನಮ್ಮನ ಹತ್ತಿರ ಎರಡು ಮೊಳ ಮಲ್ಲಿಗೆ ಕೊಳ್ಳುವುದು ಹೊಸ ವಾಡಿಕೆಯಾಗಿತ್ತು. ಮಗು ಹೋದರೂ ಹೆಂಡತಿ ಶಂಶುನ್ನೀಸಾಳ ಎದೆಹಾಲು ನಿಂತಿರಲಿಲ್ಲ. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದು ಸೂಲಗಿತ್ತಿ ಅಮ್ಮಯಮ್ಮ ಹೇಳಿಹೋಗಿದ್ದಳು. ಬೇರೆ ಕೇರಿಯ ಅಂಜಿನಮ್ಮನಿಗೆ ಇದೇನೂ ಗೊತ್ತಿಲ್ಲ. "ಏನ್ ಸಾಯೇಬ್ರೇ, ದಿನಾ ಮಲ್ಗೆ! ವೊಸಾ ಮದ್ವೆ ಗಂಡ್ ಆದಂಗಾಡ್ತೀರಲ್ಲ" ಎಂದು ನಗುತ್ತಿದ್ದಳು. ಅವನು ಕೂಡ ನಕ್ಕಂತೆ ತುಟಿ ಮಾಡಿ ಕಾಸು ಕೊಡುತ್ತಿದ್ದ. ಪಾಪ, ಅವಳ ತಪ್ಪೇನಿದೆ ಅದರಲ್ಲಿ.

ಮಗು ಏಳು ತಿಂಗಳಿಗೇ ಹುಟ್ಟಿತ್ತು. ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷದ ಚಳಿಗಾಲ, ನಂದಿಬೆಟ್ಟದ ಕಡೆಯಿಂದ ಬೀಸುವ ಗಾಳಿ ಕಿವಿ ಕತ್ತರಿಸುತ್ತಿದ್ದ ಕಾಲ. ಎತ್ತಿದರೆ ಒಂದು ಪಡಿ ರಾಗಿಯಷ್ಟೂ ಭಾರವಿಲ್ಲದ ಆ ಜೀವಕ್ಕೆ ಕಮರ್ ಜಹಾನ್ ಎಂದು ಹೆಸರಿಟ್ಟರು. ಲೋಕಕ್ಕೆಲ್ಲ ಚಂದಿರ ಎಂದರ್ಥ. ಹೆಸರೇ ಮಗುವಿಗಿಂತ ತೂಕವಾಯಿತು ಎಂದು ಶಂಶು ನಕ್ಕಿದ್ದಳು.

"ಬೆಚ್ಗಿಟ್ರೆ ಉಳೀತದೆ, ಇಲ್ದಿದ್ರೆ ಇಲ್ಲ," ಎಂದು ಅಮ್ಮಯಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು. ಮಂಚದ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟರು. ಹೊಗೆಗೆ ಮಗು ಕೆಮ್ಮಿ ಕೆಮ್ಮಿ ನೀಲಿಯಾಯಿತು. ಆಗ ನಜೀಬುಲ್ಲಾನಿಗೆ ತನ್ನ ವಿದ್ಯೆ ನೆನಪಾಯಿತು. ಮನೆಗೆ ಕರೆಂಟು ಬಂದು ವರ್ಷವಾಗಿತ್ತು. ಬೆಂಗಳೂರಿನ ದಂಡಿನ ಗುಜರಿ ಅಂಗಡಿಗಳಲ್ಲಿ ಮಿಲಿಟರಿಯವರು ಬಿಸಾಕಿದ ತಂತಿ, ಮೀಟರು, ರೇಡಿಯೋ ಬೊಂಬೆಯಾಟದ ಸಾಮಾನಿನಂತೆ ರಾಶಿ ಬಿದ್ದಿತ್ತು. ಅಲ್ಲಿಂದ ಕಾಯುವ ತಂತಿಯ ಒಂದು ಸುರುಳಿ ತಂದ. ಕುಂಬಾರನಿಗೆ ಹೇಳಿ ಜೇಡಿಮಣ್ಣಿನ ಹಲಗೆ ಮಾಡಿಸಿದ, ಅದರಲ್ಲಿ ಉದ್ದಕ್ಕೆ ನಾಲ್ಕು ಸಾಲು ಕಾಲುವೆ. ಸುರುಳಿಯನ್ನು ಆ ನಾಲ್ಕು ಸಾಲಿನಲ್ಲೂ ಹಾವಿನಂತೆ ಕೂರಿಸಿ, ಎರಡು ತುದಿಯನ್ನು ಎರಡು ಸ್ಕ್ರೂಗೆ ಬಿಗಿದು, ಮರದ ಪೆಟ್ಟಿಗೆಯ ಮೇಲಿಟ್ಟ. ಇನ್ನೂರ ಇಪ್ಪತ್ತು ವೋಲ್ಟು, ಎರಡು ಆಂಪಿಯರು. ಭಾಗಿಸಿದರೆ ನೂರ ಹತ್ತು ಓಮ್, ಗುಣಿಸಿದರೆ ನಾನೂರ ನಲವತ್ತು ವಾಟು. ಒಂದು ಸಣ್ಣ ಕೋಣೆಗೆ ಹದವಾದ ಬಿಸಿ.

ಹೊಗೆಯಿಲ್ಲದ ಆ ಬೆಂಕಿಯನ್ನು ನೋಡಲು ಕೇರಿಗೆ ಕೇರಿಯೇ ಬಂದಿತ್ತು. ಮೇಷ್ಟ್ರು ಹಿಗ್ಗಿಹೋದರು. ಮಗುವೂ ಉಳಿಯಿತು, ಕೆನ್ನೆ ತುಂಬಿತು, ಮುಷ್ಟಿ ಕಟ್ಟಿ ಅಪ್ಪನ ಬೆರಳು ಹಿಡಿಯುವಷ್ಟಾಯಿತು. ಹಿಗ್ಗಿದ್ದು ತಪ್ಪೆಂದು ಯಾರು ಹೇಳುತ್ತಾರೆ?

ಸಂಕ್ರಾಂತಿ ಕಳೆದು ಚಳಿ ಸಡಿಲವಾದಾಗ ಶಂಶು ಒಂದು ಸಂಜೆ, "ಅಜೀ, ಬಿಸಿ ಜಾಸ್ತಿ ಆಗ್ತಿದೆ, ಮಗು ಕುತ್ತಿಗೇಲೆಲ್ಲ ಬೆವರುಸಾಲೆ ನೋಡಿ. ಇದನ್ನ ಕಮ್ಮಿ ಮಾಡೋದು ಹೇಗೆ? ಲಾಟೀನಿಗಿರೋ ಹಾಗೆ ಕಿವಿಯೇ ಇಲ್ವಲ್ಲ?" ಎಂದು ದಖನಿಯಲ್ಲಿ ಕೇಳಿದಳು. ಅವನು ಪರೀಕ್ಷೆಯ ಪೇಪರು ತಿದ್ದುತ್ತಿದ್ದ. "ಭಾನುವಾರ ನೋಡ್ತೀನಿ."

"ಹೇಗೆ ಅಂತ ಹೇಳಿ, ನಾನೇ ಮಾಡ್ತೀನಿ."

"ಅದೆಲ್ಲ ಲೆಕ್ಕದ ವಿಷಯ ಶಂಶು, ನಿನಗೆ ತಿಳಿಯೋದಿಲ್ಲ," ಎಂದ, ಕಣ್ಣೆತ್ತದೆ. ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದಲೇ ಅಂದದ್ದು. ಇಂಥ ಮಾತನ್ನು ಗಂಡಸರು ಹೆಚ್ಚಾಗಿ ಪ್ರೀತಿಯಿಂದಲೇ ಆಡುತ್ತಾರೆ.

ಭಾನುವಾರ ಬರುವ ಮೊದಲೇ ಆಗುವುದು ಆಗಿಹೋಯಿತು. ಆ ಮಧ್ಯಾಹ್ನ ಮೂಲೆಯ ಕಂಬದಲ್ಲಿ ಏನೋ ಕಿಡಿ ಹಾರುತ್ತಿದೆಯೆಂದು ಲೈನ್‌ಮನ್ ಬೈರಪ್ಪ ಕರೆಂಟು ನಿಲ್ಲಿಸಿ ಕಂಬ ಹತ್ತಿದ್ದ. ಕೆಲಸ ಮುಗಿಸಿ, ಕರೆಂಟು ಬಿಟ್ಟು, ಬೀಡಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಮನೆಯ ಹೆಂಚಿನ ಸಂದಿಯಿಂದ ಹೊಗೆ ಕಂಡಿತು. ಶಂಶು ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಗಹಾಕುತ್ತಿದ್ದಳು. ಬಿಸಿ ಹೋಗದಿರಲೆಂದು ಕೋಣೆಯ ಬಾಗಿಲು ಮುಚ್ಚಿತ್ತು. ಬೈರಪ್ಪ ಬಾಗಿಲು ಒದ್ದು ಒಳಗೆ ನುಗ್ಗಿ, ಉರಿಯುತ್ತಿದ್ದ ಕೌದಿಯನ್ನು ಬರಿಗೈಯಲ್ಲಿ ಎಳೆದೆಸೆದು, ಮಗುವನ್ನು ಎತ್ತಿಕೊಂಡು ಹೊರಗೆ ಬಂದ. ಬೆಂಕಿ ಮಗುವನ್ನು ಮುಟ್ಟಿರಲಿಲ್ಲ. ಹೊಗೆ ಮುಟ್ಟಿತ್ತು. ಯಾವ ಹೊಗೆಯಿಂದ ಉಳಿಸಲೆಂದು ಅಪ್ಪ ಇಷ್ಟೆಲ್ಲ ಮಾಡಿದನೋ ಆ ಹೊಗೆಯೇ ಮಗುವನ್ನು ತೆಗೆದುಕೊಂಡು ಹೋಯಿತು.

ಕೇರಿಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಬೈರಪ್ಪ ಕಂಬ ಹತ್ತಿದ, ಇಳಿದ, ಬೆಂಕಿ ಬಿತ್ತು. ಇದಕ್ಕಿಂತ ಸಲೀಸಾದ ಲೆಕ್ಕ ಯಾವುದಿದೆ? ಪಕ್ಕದ ಮನೆಯ ವೆಂಕಟರಾಯಪ್ಪ, ನಾಲ್ಕು ಪವರ್‌ಲೂಮ್ ಇಟ್ಟು ಸೀರೆ ನೇಯಿಸುವವನು, ಊರಲ್ಲಿ ಮಾತು ನಡೆಯುವವನು, ಎಲ್ಲರೆದುರು ಹೇಳಿಬಿಟ್ಟ: "ಇವ್ನು ಕುಡ್ದಿದ್ನೋ ಏನೋ, ಲೈನ್‌ಗೆ ಜಾಸ್ತಿ ಕರೆಂಟ್ ಬಿಟ್ಟವ್ನೆ. ಇವತ್ತು ಮೇಷ್ಟ್ರ ಮಗು, ನಾಳೆ ನಮ್ ಮಗ್ಗ." ಇಲಾಖೆಗೆ ದೂರು ಹೋಯಿತು. ಬೈರಪ್ಪನ ಚರ್ಮದ ಪಟ್ಟಿ, ಇಕ್ಕಳ, ಕಂಬ ಹತ್ತುವ ಏಣಿ ಎಲ್ಲ ಕಸಿದುಕೊಂಡು ಮನೆಯಲ್ಲಿರು ಅಂದರು. ಓವರ್‌ಸಿಯರ್ ಆದಿನಾರಾಯಣಪ್ಪ ಶುಕ್ರವಾರ ವಿಚಾರಣೆಗೆ ಬರುತ್ತಾರೆ, ಅಲ್ಲಿಗೆ ಅವನ ಕೆಲಸ ಮುಗಿದಂತೆ, ಪೊಲೀಸರಿಗೂ ಕೊಡಬಹುದು ಎಂದು ಸುದ್ದಿಯಾಯಿತು.

ಆ ವಾರವೇ ಒಂದು ಸಂಜೆ ಬೈರಪ್ಪ ಹೈಸ್ಕೂಲಿನ ಗೇಟಿನ ಹತ್ತಿರ ಕಾದು ನಿಂತಿದ್ದ. ಎರಡೂ ಕೈಗೆ ಬಾಳೆಯೆಲೆ ಸುತ್ತಿ ಬಟ್ಟೆ ಕಟ್ಟಿತ್ತು. ನಮಸ್ಕಾರ ಮಾಡಲೂ ಕೈ ಕೂಡುತ್ತಿರಲಿಲ್ಲ.

"ಮೇಷ್ಟ್ರೇ, ಕೆಲ್ಸ ಹೋದ್ರೆ ಹೋಗ್ಲಿ, ಹೊಲ ಉತ್ಕೊಂಡ್ ಬದುಕ್ತೀನಿ," ಎಂದ. "ಒಂದೇ ಒಂದ್ ಹೇಳ್ಬಿಡಿ. ನನ್ ಕೈಯಿಂದ್ಲೇ ಆಯ್ತಾ? ನಾನು ಮೇಲ್ ಹತ್ತಿ ಏನ್ ಮಾಡ್ದೆ ಅಂತ ನೆನ್ಸ್ಕೊತೀನಿ, ನೆನ್ಸ್ಕೊತೀನಿ, ಈಗ ನಂಗೇ ಸರ್ಯಾಗಿ ನೆಪ್ಪಾಗಲ್ದು. ತಪ್ಪು ತಂತಿ ಸೇರಿಸ್ಬಿಟ್ನೇನೋ ಅನ್ಸ್ತದೆ. ನೀವ್ ಓದ್ದೋರು. ಲೆಕ್ಕ ಹಾಕಿ ಹೇಳಿ ಸ್ವಾಮಿ. ನಾನೇ ಅಂದ್ರೆ ನಾನೇ."

ನಜೀಬುಲ್ಲಾ ಆ ಬಟ್ಟೆ ಸುತ್ತಿದ ಕೈಗಳನ್ನು ನೋಡಿದ. ಮಗುವನ್ನು ಬೆಂಕಿಯೊಳಗಿಂದ ಎತ್ತಿ ತಂದದ್ದು ಅವೇ ಕೈ. ಏನಾದರೂ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ. "ಹಾಕಿ ಹೇಳ್ತೀನಿ ಬೈರಪ್ಪ," ಎಂದಷ್ಟೇ ಅಂದ.

ಸುಟ್ಟುಹೋದ ಆ ಮಣ್ಣಿನ ಹಲಗೆಯನ್ನು ಯಾರೋ ಗೋಣಿಚೀಲದಲ್ಲಿ ಕಟ್ಟಿ ಹಿತ್ತಲ ಮೂಲೆಗೆ ಎಸೆದಿದ್ದರು. ಅವನು ಅದನ್ನು ಬಿಚ್ಚಿರಲಿಲ್ಲ. ಮಾರನೆಯ ದಿನ ಚೀಲವನ್ನು ಹಾಗೆಯೇ ಸೈಕಲ್ಲಿಗೆ ಕಟ್ಟಿಕೊಂಡು ಶಾಲೆಗೆ ಒಯ್ದ. ಹುಡುಗರೆಲ್ಲ ಮನೆಗೆ ಹೋದ ಮೇಲೆ ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡ.

ಅವನ ಮನಸ್ಸು ಮೊದಲು ಬೈರಪ್ಪನ ಲೆಕ್ಕಕ್ಕೇ ಹೋಯಿತು. ಪೆಟ್ಟಿಗೆ ಹೊತ್ತಿಕೊಳ್ಳಬೇಕಾದರೆ ಬಿಸಿ ಕಡೇಪಕ್ಷ ಎರಡರಷ್ಟಾಗಿರಬೇಕು. ವೋಲ್ಟು ಏರಿ ಹಾಗಾಗಬೇಕಾದರೆ ಇನ್ನೂರ ಇಪ್ಪತ್ತು ಇದ್ದದ್ದು ಮುನ್ನೂರು ದಾಟಿರಬೇಕು. ಮುನ್ನೂರು ದಾಟಿದ್ದರೆ ಬೀದಿಯ ಬಲ್ಬುಗಳೆಲ್ಲ ಠಪ್ಪೆಂದು ಸುಟ್ಟುಹೋಗಬೇಕಿತ್ತು. ಒಂದೂ ಸುಟ್ಟಿರಲಿಲ್ಲ. ವೆಂಕಟರಾಯಪ್ಪನ ಮಗ್ಗದ ಮನೆಯಲ್ಲಿ ಹಗಲೂ ಹತ್ತಿರುವ ಬಲ್ಬು ಕೂಡ ಇವತ್ತಿಗೂ ಉರಿಯುತ್ತಿದೆ. ಹಾಗಾದರೆ ತಪ್ಪು ಲೈನಿನಲ್ಲಿಲ್ಲ, ತಂತಿಯಲ್ಲಿರಬೇಕು.

ಹಲಗೆಯ ಮೇಲೆ ಕೌದಿಯ ಬೂದಿ, ಮಸಿ ಮೆತ್ತಿಕೊಂಡು ಏನೂ ಕಾಣುತ್ತಿರಲಿಲ್ಲ. ಸ್ಕ್ರೂಗಳನ್ನಷ್ಟೇ ಉಜ್ಜಿ ಶಾಲೆಯ ಬ್ಯಾಟರಿಗೆ ಸೇರಿಸಿದ. ಹನ್ನೆರಡು ತೋರಿಸಬೇಕಾದ ಹಳೆಯ ಬ್ಯಾಟರಿ ಹನ್ನೊಂದು ವೋಲ್ಟು ತೋರಿಸಿತು. ಇರಲಿ. ನೂರ ಹತ್ತು ಓಮಿನ ತಂತಿಗೆ ಹನ್ನೊಂದು ವೋಲ್ಟು ಕೊಟ್ಟರೆ ಆಂಪಿಯರಿನ ಹತ್ತನೇ ಒಂದು ಪಾಲು ಹರಿಯಬೇಕು. ಮುಳ್ಳು ಅಲ್ಲಿ ನಿಲ್ಲಲಿಲ್ಲ. ಹತ್ತನೇ ಎರಡು ಪಾಲಿಗೆ ಹೋಗಿ ನಿಂತಿತು.

ಮೀಟರು ಕೆಟ್ಟಿದೆ ಅಂದುಕೊಂಡ. ಬೇರೆ ಮೀಟರು ತಂದ. ಅದೂ ಅದನ್ನೇ ಹೇಳಿತು. ಹನ್ನೊಂದನ್ನು ಹತ್ತನೇ ಎರಡರಿಂದ ಭಾಗಿಸಿದರೆ ಐವತ್ತೈದು. ಇದ್ದ ತಡೆಯಲ್ಲಿ ಸರಿಯಾಗಿ ಅರ್ಧ. ಮಾಡಿದಾಗ ನೂರ ಹತ್ತಿತ್ತು, ತಾನೇ ಅಳೆದಿದ್ದ. ಬೆಂಕಿ ತಂತಿಯ ಮೈಯನ್ನು ಸುಡಬಹುದು, ಆದರೆ ತಡೆಯನ್ನು ಹೀಗೆ ಕತ್ತರಿಯಲ್ಲಿ ಕತ್ತರಿಸಿದಂತೆ ಅರ್ಧ ಮಾಡುವುದಿಲ್ಲ.

ಆಮೇಲೆ ಬ್ರಶ್ಶು ತೆಗೆದುಕೊಂಡು ನಿಧಾನವಾಗಿ ಮಸಿ ತೆಗೆದ. ಒಂದನೆಯ ಸಾಲಿನಲ್ಲಿ ತಂತಿ ಇತ್ತು. ಎರಡನೆಯದರಲ್ಲೂ ಇತ್ತು. ಮೂರನೆಯ ಕಾಲುವೆ ಖಾಲಿ. ನಾಲ್ಕನೆಯದೂ ಖಾಲಿ. ಎರಡನೆಯ ಸಾಲಿನ ಕೊನೆಯಲ್ಲಿ ತಂತಿಯನ್ನು ಸ್ವಲ್ಪ ಎಳೆದು ಎರಡನೆಯ ಸ್ಕ್ರೂಗೆ ಕಟ್ಟಿತ್ತು. ಅವನಾಗಿದ್ದರೆ ತಂತಿಯನ್ನು ಕೊಕ್ಕೆ ಬಗ್ಗಿಸಿ ಸ್ಕ್ರೂ ಕೆಳಗೆ ಬಿಗಿಯುತ್ತಿದ್ದ. ಇದು ಗಂಟು. ಎರಡು ಸುತ್ತು, ತುದಿ ಒಳಗೆ ತೂರಿಸಿ, ಬಾಲವೇ ಕಾಣದ ಹಾಗೆ ಅಡಗಿಸಿದ ನಾಜೂಕು ಗಂಟು.

ಅವನು ಸ್ಟೂಲಿನ ಮೇಲೆ ಕುಳಿತ.

ಶಂಶುವಿನ ತವರು ಅಲ್ಲೇ ಹತ್ತಿರದ ವಿಜಯಪುರ. ಅವಳಪ್ಪ ಸನಾವುಲ್ಲಾ ಸಾಹೇಬರದು ರೇಷ್ಮೆ ನೂಲು ತೆಗೆಯುವ ಮನೆ. ಕುದಿಯುವ ನೀರಿನಲ್ಲಿ ಗೂಡು ತೇಲಿಸಿ ಎಳೆ ಎಳೆಯುವಾಗ ಎಳೆ ತುಂಡಾಗುತ್ತಲೇ ಇರುತ್ತದೆ. ಅದನ್ನು ಬಾಲವಿಲ್ಲದೆ ಗಂಟು ಹಾಕಬೇಕು, ಬಾಲ ಉಳಿದರೆ ಮಗ್ಗದಲ್ಲಿ ಸಿಕ್ಕಿಕೊಳ್ಳುತ್ತದೆ. ಸಣ್ಣ ಹುಡುಗಿಯಾಗಿದ್ದಾಗಿನಿಂದ ಅವಳು ಹಾಕುತ್ತ ಬಂದ ಗಂಟು ಅದು. ಪಾಯಿಜಾಮದ ಲಾಡಿಗೂ ಅದೇ ಗಂಟು, ಮಗುವಿನ ಜೋಲಿಯ ಹಗ್ಗಕ್ಕೂ ಅದೇ. ಮಗ್ಗದವರ ಗಂಟೇ ಬೇರೆ, ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಇನ್ನಾರಿಗೂ ಇದು ಬರುತ್ತಿರಲಿಲ್ಲ.

ಹೇಗಾಯಿತೆಂದು ಎದುರಿಗೇ ನಡೆದಂತೆ ಅವನಿಗೆ ಕಂಡಿತು. ಒಲೆಯಲ್ಲಿ ಉರಿ ಹೆಚ್ಚಾದರೆ ಏನು ಮಾಡುತ್ತಾರೆ? ಎರಡು ಕೊಳ್ಳಿ ಈಚೆಗೆ ಎಳೆಯುತ್ತಾರೆ. ಸೌದೆ ಅರ್ಧವಾದರೆ ಉರಿ ಅರ್ಧ. ನಾಲ್ಕು ಸಾಲು ತಂತಿಯ ಬಿಸಿ ಹೆಚ್ಚಾಯಿತು, ಎರಡು ಸಾಲು ತೆಗೆದಳು. ಬೈರಪ್ಪ ಕರೆಂಟು ನಿಲ್ಲಿಸಿದ್ದೇ ಅವಳಿಗೆ ಅನುಕೂಲವಾಯಿತು, ಮುಟ್ಟಿದರೆ ಹೊಡೆಯುತ್ತದೆಂಬ ಭಯವಿರಲಿಲ್ಲ. ಮುಗಿಸಿ, ಬಾಗಿಲು ಮುಚ್ಚಿ, ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದಳು. ಸಂಜೆ ಗಂಡ ಬಂದಾಗ ಹೇಳಬೇಕು, ನೋಡಿ ನೀವಿಲ್ಲದೆ ನಾನೇ ಮಾಡಿದೆ ಅನ್ನಬೇಕು ಅಂದುಕೊಂಡಿರಬೇಕು. ಅವನು ಬರುವ ಹೊತ್ತಿಗೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಊರೆಲ್ಲ ಬೈರಪ್ಪನ ಹೆಸರು ಹೇಳಿದಾಗ ಅವಳೂ ಅದನ್ನೇ ನಂಬಿದಳು. ಬಿಸಿ ಕಡಿಮೆಯಾಗಲೆಂದು ತಾನು ಮಾಡಿದ ಕೆಲಸಕ್ಕೂ ಬೆಂಕಿಗೂ ಸಂಬಂಧವಿದೆಯೆಂದು ಅವಳಿಗೆ ಹೊಳೆಯುವುದಾದರೂ ಹೇಗೆ?

ಅವನು ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆಯೇ ಬರೆದ. ಇನ್ನೂರ ಇಪ್ಪತ್ತನ್ನು ಐವತ್ತೈದರಿಂದ ಭಾಗಿಸಿದರೆ ನಾಲ್ಕು ಆಂಪಿಯರು. ಗುಣಿಸಿದರೆ ಎಂಟುನೂರ ಎಂಬತ್ತು ವಾಟು. ಮನೆಯ ಫ್ಯೂಸು ಐದು ಆಂಪಿಯರಿನದು, ನಾಲ್ಕಕ್ಕೆ ಅದೇಕೆ ಕರಗೀತು? ಅರ್ಧ ತಂತಿ, ಎರಡರಷ್ಟು ಬೆಂಕಿ. ಐದನೆಯ ಫಾರಮ್ಮಿನ ದಡ್ಡ ಹುಡುಗನೂ ಮಾಡಬಹುದಾದ ಲೆಕ್ಕ. ಬರೆದದ್ದನ್ನು ಅಂಗೈಯಿಂದ ಒರೆಸಿದ. ಕೈ ಬೆಳ್ಳಗಾಯಿತು.

ಅಂದು ಮಲ್ಲಿಗೆ ತೆಗೆದುಕೊಂಡು ಹೋದಾಗ ಶಂಶು ಒಲೆಯ ಮುಂದೆ ಕುಳಿತಿದ್ದಳು. ಹೂವನ್ನು ಕೈಗೆ ತೆಗೆದುಕೊಂಡು, "ಆ ಬೈರಪ್ಪನಿಗೆ ಏನು ಮಾಡ್ತಾರಂತೆ?" ಎಂದು ಕೇಳಿದಳು. ಅವಳ ದನಿಯಲ್ಲೂ ಉಪ್ಪು ಖಾರ ಏನೂ ಇರಲಿಲ್ಲ.

"ಶುಕ್ರವಾರ ಗೊತ್ತಾಗುತ್ತೆ."

"ಕೈ ಸುಟ್ಕೊಂಡ ಪಾಪ," ಎಂದಳು. ಹೂವನ್ನು ಮಡಿಲಲ್ಲಿಟ್ಟುಕೊಂಡು, "ಆದ್ರೆ ಅವನು ಅವತ್ತು ಕಂಬ ಹತ್ತದೇ ಇದ್ದಿದ್ರೆ," ಎಂದು ಅಲ್ಲಿಗೇ ನಿಲ್ಲಿಸಿದಳು. ಎದ್ದು, ಒಲೆಯಿಂದ ಒಂದು ಕೊಳ್ಳಿ ಈಚೆಗೆಳೆದು ನೀರು ಚಿಮುಕಿಸಿದಳು. ಉರಿ ತಗ್ಗಿತು. ಅವನು ಅದನ್ನು ನೋಡುತ್ತ ಕುಳಿತ.

ಅವನ ಮುಂದೆ ಇದ್ದದ್ದು ಎರಡೇ ದಾರಿ, ಎರಡೂ ಹಾಳು. ಬಾಯಿ ಮುಚ್ಚಿಕೊಂಡರೆ ಬೈರಪ್ಪನ ಬದುಕು ಹೋಗುತ್ತದೆ. ಕೆಲಸ ಹೋಗುವುದಿರಲಿ, ತಾನೇ ಕೊಂದೆ ಎಂದು ಆ ಮನುಷ್ಯ ಸಾಯುವವರೆಗೂ ನಂಬುತ್ತಾನೆ. ಬಾಯಿ ಬಿಟ್ಟರೆ ಅದನ್ನೇ ಶಂಶು ನಂಬಬೇಕು, ಅದೂ ನಿಜವೆಂದು ತಿಳಿದು. ಹಾಲಿನ್ನೂ ಬತ್ತಿಲ್ಲ ಅವಳಿಗೆ. ರಾತ್ರಿಯೆಲ್ಲ ಇದನ್ನು ಹಿಂದೆ ಮುಂದೆ ಮಾಡಿ, ಬೆಳಗ್ಗೆ ಮುಖ ತೊಳೆಯುವಾಗ ಅವನಿಗೆ ಮೂರನೆಯದು ಸಿಕ್ಕಿತು. ಕತ್ತರಿಸಿದವನು ತಾನೇ ಎಂದು ಹೇಳಿಬಿಡುವುದು. ಸೈನ್ಸ್ ಮೇಷ್ಟ್ರು ಇಂಥ ದಡ್ಡತನ ಮಾಡಿದನೇ ಎಂದು ಊರು ನಗುತ್ತದೆ. ನಗಲಿ. ಹೆಡ್‌ಮಾಸ್ಟರು ಕರೆದು ಕೇಳಬಹುದು. ಕೇಳಲಿ.

ಶಂಶು ಅದನ್ನು ಕೇಳಿಸಿಕೊಂಡರೆ? ಆ ಪ್ರಶ್ನೆ ಬಂತು, ಬಂದು ಹೋಯಿತು. ಓಮು, ಆಂಪಿಯರು, ಭಾಗಾಕಾರ. ಅದೆಲ್ಲ ಲೆಕ್ಕದ ವಿಷಯ, ಅವಳಿಗೆ ತಿಳಿಯುವುದಿಲ್ಲ ಅಂದುಕೊಂಡ. ಒಂದೇ ಕಲ್ಲನ್ನು ಎರಡನೆಯ ಸಲ ಎಡವುತ್ತಿದ್ದೇನೆಂದು ಅವನಿಗೆ ಹೊಳೆಯಲೇ ಇಲ್ಲ.

ಶುಕ್ರವಾರ ನಮಾಜು ಮುಗಿದ ಮೇಲೆ ಓವರ್‌ಸಿಯರ್ ಆದಿನಾರಾಯಣಪ್ಪ ಬಂದರು. ಕರಿ ಕೋಟು, ಜರಿಪೇಟ, ಕಂಕುಳಲ್ಲಿ ಮೀಟರಿನ ಪೆಟ್ಟಿಗೆ. ಮುಂದಿನ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ವೆಂಕಟರಾಯಪ್ಪ ಗೋಡೆಗೆ ಒರಗಿ ನಿಂತ. ಬೈರಪ್ಪ ಹೊಸ್ತಿಲಾಚೆಯೇ ಕುಳಿತ, ಒಳಗೆ ಬಾ ಎಂದರೂ ಬರಲಿಲ್ಲ. ಒಳಕೋಣೆಯ ಬಾಗಿಲಿಗೆ ಹಸಿರು ಪರದೆ ಇಳಿಬಿಟ್ಟಿತ್ತು. ಅದರ ಹಿಂದೆ ಶಂಶು ಇದ್ದಳು. ಹೊರಗಿನ ಗಂಡಸರು ಬಂದಾಗ ಅವಳು ಯಾವಾಗಲೂ ಅಲ್ಲೇ ಇರುತ್ತಿದ್ದಳು.

"ಹೇಳಪ್ಪಾ ಬೈರಪ್ಪ, ಏನ್ ಮಾಡ್ದೆ ಮೇಲ್ಗಡೆ?" ಎಂದು ಓವರ್‌ಸಿಯರ್ ಶುರುಮಾಡುವಷ್ಟರಲ್ಲಿ ನಜೀಬುಲ್ಲಾ ಎದ್ದು, ಶಾಲೆಯಿಂದ ತಂದಿಟ್ಟಿದ್ದ ಮಣ್ಣಿನ ಹಲಗೆಯನ್ನು ಅವರ ಮುಂದಿಟ್ಟ.

"ಅವನದೇನೂ ತಪ್ಪಿಲ್ಲ ಸರ್. ತಂತಿ ಅಳೆದಿದೀನಿ. ನೂರ ಹತ್ತು ಓಮ್ ಇದ್ದದ್ದು ಐವತ್ತೈದಾಗಿದೆ. ನೀವೂ ಅಳೆದು ನೋಡಿ. ನಾನೇ ಅರ್ಧ ತೆಗೆದೆ."

ಆದಿನಾರಾಯಣಪ್ಪ ಮೀಟರು ಹಚ್ಚಿ ನೋಡಿದರು. ಕನ್ನಡಕ ಹಣೆಗೇರಿಸಿ ಅವನ ಮುಖ ನೋಡಿದರು. "ಯಾಕ್ ತೆಗೆದ್ರಿ?"

"ಬಿಸಿ ಕಮ್ಮಿ ಆಗ್ಲಿ ಅಂತ."

"ನೀವು ಸೈನ್ಸ್ ಮೇಷ್ಟ್ರಲ್ವೇನ್ರೀ?"

ವೆಂಕಟರಾಯಪ್ಪ ಮುಂದೆ ಬಂದ. "ಅದೆಂಗ್ ಸ್ವಾಮಿ? ಅರ್ಧ ತಂತಿ ತೆಗುದ್ರೆ ಬಿಸಿ ಅರ್ಧ ಆಗ್ಬೇಕಲ್ವ? ಇವ್ರು ಸರ್ಯಾಗೇ ಮಾಡವ್ರೆ. ತಪ್ಪು ಬೈರಪ್ಪಂದೇಯ."

ಅಲ್ಲಿಗೆ ಎಲ್ಲ ಕೈಮೀರಿತು. ಓವರ್‌ಸಿಯರ್ ಒಳ್ಳೆಯ ಮನುಷ್ಯ, ತಿಳಿಯದವರಿಗೆ ಬಿಡಿಸಿ ಹೇಳುವ ಚಟವಿದ್ದವರು. ದನಿ ಏರಿಸಿ, ಹಳ್ಳಿಯ ಮಗುವಿಗೂ ತಿಳಿಯುವ ಹಾಗೆ ಹೇಳಿದರು: "ಅಲ್ಲೇ ಎಲ್ಲಾರೂ ಮೋಸ ಹೋಗೋದು ವೆಂಕಟರಾಯಪ್ಪ. ಇದು ಸೌದೆ ಅಲ್ಲ. ಒಲೇಲಿ ಸೌದೆ ಕಮ್ಮಿ ಆದ್ರೆ ಉರಿ ಕಮ್ಮಿ. ತಂತಿ ಹಾಗಲ್ಲ. ತಂತಿ ಅಂದ್ರೆ ಕರೆಂಟಿಗೆ ಅಡ್ಡಿ. ಉದ್ದ ಇದ್ದಷ್ಟೂ ಅಡ್ಡಿ ಜಾಸ್ತಿ, ಕರೆಂಟು ಮೆಲ್ಲಗೆ ಬರುತ್ತೆ. ಅರ್ಧ ಕತ್ತರಿಸಿದ್ರೋ, ಅಡ್ಡಿ ಅರ್ಧ ಹೋಯ್ತು, ಕರೆಂಟು ಎರಡರಷ್ಟು ನುಗ್ತು. ಬಿಸಿ ಎರಡು ಪಟ್ಟು. ಯಾರು ತಂತಿ ಕತ್ತರಿಸಿದ್ರೋ ಅವರಿಂದ್ಲೇ ಬೆಂಕಿ. ಬೈರಪ್ಪ ಬರೀ ಕರೆಂಟು ಬಿಟ್ಟ, ಅಷ್ಟೇ."

ಹೊಸ್ತಿಲಾಚೆ ಬೈರಪ್ಪ ಕಟ್ಟಿದ ಕೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದ. ಇಷ್ಟು ದಿನ ಎದೆಯ ಮೇಲಿದ್ದದ್ದು ಇಳಿದರೆ ಗಂಡಸೂ ಅಳುತ್ತಾನೆ. ನಜೀಬುಲ್ಲಾ ಅವನನ್ನು ನೋಡುತ್ತಿರಲಿಲ್ಲ. ಹಸಿರು ಪರದೆಯನ್ನು ನೋಡುತ್ತಿದ್ದ. ಓವರ್‌ಸಿಯರ್ ಆಡಿದ ಮಾತಿನಲ್ಲಿ ಲೆಕ್ಕವೇ ಇರಲಿಲ್ಲ. ಒಲೆ ಇತ್ತು, ಸೌದೆ ಇತ್ತು.

"ಬರ್ಕೋಬೇಕು, ಅದಕ್ಕೆ ಕೇಳ್ತೀನಿ," ಎಂದರು ಆದಿನಾರಾಯಣಪ್ಪ ಪೆನ್ನು ತೆಗೆಯುತ್ತ. "ಉಳಿದರ್ಧ ತಂತಿ ಎಲ್ಲಿ?"

ಅದನ್ನು ಅವನು ಯೋಚಿಸಿರಲಿಲ್ಲ. "ಎಸೆದುಬಿಟ್ಟೆ ಸರ್. ಕೆರೇಲಿ."

ಪರದೆಯ ಹಿಂದೆ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದಾಯಿತು. ಪರದೆಯ ಅಂಚು ನೆಲದ ಹತ್ತಿರ ಸ್ವಲ್ಪ ಸರಿಯಿತು. ಗಾಜಿನ ಬಳೆ ತೊಟ್ಟ ಕೈಯೊಂದು ಹೊರಗೆ ಬಂದು, ಪಡಸಾಲೆಯ ನೆಲದ ಮೇಲೆ ಏನನ್ನೋ ಇಟ್ಟು ಅಲ್ಲೇ ಉಳಿಯಿತು. ಎಂಟರ ಆಕಾರದಲ್ಲಿ ಲಡಿ ಸುತ್ತಿ, ನಡುವೆ ಕೆಂಪು ದಾರದಿಂದ ಕಟ್ಟಿದ ತಂತಿ. ಉಳಿದ ಎಳೆಯನ್ನು ಎಸೆಯುವ ವಾಡಿಕೆ ವಿಜಯಪುರದ ಆ ಮನೆಯಲ್ಲಿರಲಿಲ್ಲ. ಕೆಂಪು ದಾರದ ಗಂಟಿಗೆ ಬಾಲವಿರಲಿಲ್ಲ.

ಪೆನ್ನು ಕಾಗದದ ಮೇಲೆ ಇಳಿಯಲಿಲ್ಲ. ಎಲ್ಲರಿಗಿಂತ ಮೊದಲು ಅರ್ಥವಾದದ್ದು ಬೈರಪ್ಪನಿಗೆ. ಮೊಣಕಾಲಿನ ಮೇಲೇ ಹೊಸ್ತಿಲು ದಾಟಿ ಬಂದ. "ಬ್ಯಾಡಿ ಸ್ವಾಮಿ, ಬ್ಯಾಡಿ. ನಂದೇ ತಪ್ಪು ಅಂತ ಬರ್ಕೊಂಬಿಡಿ. ನಾನೇ ಜಾಸ್ತಿ ಕರೆಂಟ್ ಬಿಟ್ಟೆ ಅಂತ ಬರ್ಕೊಳ್ಳಿ. ನಂಗೆ ಗೊತ್ತಾಯ್ತಲ್ಲ, ಅಷ್ಟೇ ಸಾಕು."

ಆದಿನಾರಾಯಣಪ್ಪ ಪೆನ್ನಿನ ಟೋಪಿ ಹಾಕಿದರು. "ಆಕಸ್ಮಿಕ ಅಂತ ಬರೀತೀನಿ. ಯಾರ ತಪ್ಪೂ ಇಲ್ಲ," ಎಂದರು. ಮೀಟರು ಪೆಟ್ಟಿಗೆಗೆ ಸೇರಿಸಿ ಎದ್ದರು. ವೆಂಕಟರಾಯಪ್ಪ ಯಾವಾಗ ಹೋದನೋ ಯಾರೂ ಗಮನಿಸಲಿಲ್ಲ. ಬೈರಪ್ಪನೂ ಹೋದ.

ಮನೆ ಖಾಲಿಯಾಯಿತು. ಕೈ ಮಾತ್ರ ಪರದೆಯ ಕೆಳಗೆ ಹಾಗೆಯೇ ಇತ್ತು. ನಜೀಬುಲ್ಲಾ ನೆಲದ ಮೇಲೆ ಅದರ ಪಕ್ಕ ಕುಳಿತ. ಬಾಡಿದ ಮಲ್ಲಿಗೆಯ ವಾಸನೆ ಬರುತ್ತಿತ್ತು. ಅವಳು ಅಳುತ್ತಿರಲಿಲ್ಲ. ಅವನ ಬಾಯಿಗೆ ಬಂದದ್ದೆಲ್ಲ ಸುಳ್ಳೇ, ಎಲ್ಲವನ್ನೂ ನುಂಗಿಕೊಂಡ.

ಪರದೆಯ ಆಚೆಯಿಂದ ಅವಳ ದನಿ ಬಂತು. ಅಂಗಡಿಯಲ್ಲಿ ಉಪ್ಪಿನ ದರ ಕೇಳುವಷ್ಟು ಸಾಧಾರಣವಾದ ದನಿ.

"ಹಾಗಾದ್ರೆ ತಂತಿ ಉದ್ದ ಮಾಡ್ಬೇಕಿತ್ತಾ?"

"ಹ್ಞೂಂ," ಎಂದ ಅವನು. "ಉದ್ದ ಮಾಡ್ಬೇಕಿತ್ತು."

ಆರು ವರ್ಷಗಳಿಂದ ಊರ ಮಕ್ಕಳಿಗೆಲ್ಲ ಹೇಳುತ್ತ ಬಂದ ಪಾಠವನ್ನು ಅವನು ಮನೆಯಲ್ಲಿ ಹೇಳಿದ್ದು ಅದೇ ಮೊದಲು.